ಬ್ಯಾಡಗಿಯವನು ನೆಟ್ಟ ಮಾಗಿ ಮಲ್ಲಿಗೆ

ಗೇಟಿನ ಬಳಿ ಸಸಿ ಹಿಡಿದು ನಿಂತಿದ್ದ ಗಂಡಸನ್ನು ಕಂಡ ಕೂಡಲೇ ಕಾವೇರಿ ಒಳಗೆ ಹೋಗಿ, ಗುದ್ದಲಿ ತಂದು ಅವನ ಕೈಗಿಟ್ಟಳು.

"ಎಷ್ಟೊತ್ತಿಗೆ ಬರೂದ್ರೀ? ಮುಂಜಾನೆಯಿಂದ ದಾರಿ ಕಾಯಾಕತ್ತೇನಿ. ಬರ್ರಿ, ಹಿತ್ತಲದಾಗ ಕುಣಿ ತೋಡಬೇಕು."

ಅವನು ಗುದ್ದಲಿಯನ್ನು ನೋಡಿದ, ಅವಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದವನು, ಬಂದ ನಗುವನ್ನು ಮೀಸೆಯಡಿ ಅಡಗಿಸಿಕೊಂಡು, "ಹೂಂ, ನಡೀರಿ" ಎಂದ.

ರಾಣೆಬೆನ್ನೂರಿನ ಪಿಯು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದ ಕಾವೇರಿಗೆ ಗಿಡಗಳೆಂದರೆ ಹುಚ್ಚು. ಉಳಿದ ಮಲ್ಲಿಗೆಗಳೆಲ್ಲ ಚಳಿ ಬಿದ್ದ ಕೂಡಲೇ ಸುಮ್ಮನಾಗಿಬಿಡುತ್ತವೆ. ಹಿತ್ತಲಿಗೆ ಒಂದು ಮಾಗಿ ಮಲ್ಲಿಗೆ ಬೇಕು, ವರ್ಷವಿಡೀ ಹಸಿರಾಗಿದ್ದು ಚಳಿಯಲ್ಲೇ ಅರಳಿ ಘಮಘಮಿಸುವ ಪೊದೆ ಬೇಕು ಎಂದು ಹಾವೇರಿಯ ನರ್ಸರಿಗೆ ಹೇಳಿಟ್ಟಿದ್ದಳು. ಭಾನುವಾರ ಆಳು ಬಂದು ನೆಟ್ಟು ಹೋಗುತ್ತಾನೆ ಎಂದಿದ್ದರು.

ಆಳು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದು ಸ್ವಲ್ಪ ವಿಚಿತ್ರವಾಗಿಯೇ ಕಂಡಿತು.

"ಎರಿ ಮಣ್ಣು, ನೀರು ನಿಲ್ಲತೈತಿ. ಮರಳು, ತಿಪ್ಪಿಗೊಬ್ಬರ ಎರಡೂ ಕಲಸ್ರಿ."

"ಬಿಸಿಲು ಚೊಲೋ ಬೀಳತೈತೇನ್ರಿ ಇಲ್ಲಿ?"

"ಮಧ್ಯಾಹ್ನದ ಮಟಾ ಬೀಳತೈತಿ."

"ಹಂಗಾರ ಮೊಗ್ಗಿಗೆ ಕೊರತಿ ಇಲ್ಲ ಬಿಡ್ರಿ."

ಸಸಿ ಇಡುವ ಮುಂಚೆ ಅವನು ಒಂದು ಎಲೆ ಹರಿದು, ಹೊಸಕಿ, ಕಣ್ಣು ಮುಚ್ಚಿ ಮೂಸಿದ. ತುಂಬಾ ಹೊತ್ತು ಮೂಸಿದ. ಎಲೆಯಲ್ಲಿ ಏನಿರುತ್ತದೆ ಮೂಸುವಂಥದ್ದು ಎಂದು ಕಾವೇರಿ ಅಂದುಕೊಳ್ಳುವಷ್ಟರಲ್ಲಿ ಅವ್ವ ಶಾರದವ್ವ ಪಕ್ಕದ ಮನೆಯಿಂದ ಬಂದಳು. ಬಂದವಳೇ ತಲೆಯ ಮೇಲೆ ಕೈ ಹೊತ್ತಳು.

"ಅಯ್ಯ ಶಿವನ! ನಿನ್ನ ನೋಡಾಕ ಬ್ಯಾಡಗಿಯಿಂದ ಬಂದ ಹುಡುಗನ ಕೈಯಾಗ ಗುದ್ದಲಿ ಕೊಟ್ಟೀಯಲ್ಲ!"

ಹೇಳಿದರೆ ಮಗಳು ಮನೆ ಬಿಟ್ಟು ಓಡುತ್ತಾಳೆಂದು ಶಾರದವ್ವ ಮುಚ್ಚಿಟ್ಟಿದ್ದಳು. ಹುಡುಗನ ಸೋದರತ್ತೆಗೆ ಮಾತ್ರ ಎಲ್ಲಾ ಹೇಳಿದ್ದಳು, ಮಾಗಿ ಮಲ್ಲಿಗೆಯ ಆಸೆಯನ್ನೂ ಸೇರಿಸಿ; ಅದಕ್ಕೇ ಅವನು ಸಸಿ ಹಿಡಿದು ಬಂದಿದ್ದ.

ಕಾವೇರಿಯ ಕಿವಿಗಳು ಬಿಸಿಯಾದವು. "ನೀವರ ಹೇಳಬಾರದೇನ್ರೀ?"

"ನೀವು ಹೇಳಾಕ ಬಿಟ್ರ ಹೇಳತಿದ್ದೆ." ಅವನು ಹಣೆಯ ಬೆವರು ಒರೆಸಿಕೊಳ್ಳಲು ಹೋಗಿ ಕರಿಮಣ್ಣು ಬಳಿದುಕೊಂಡ. "ಕುಣಿ ಇಷ್ಟು ಆಳ ಸಾಕೇನ್ರಿ, ಮೇಡಂ?"

ಹೆಸರು ಕಲ್ಲೇಶ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತಂದೆ ಕರಬಸಪ್ಪನವರ ಜೊತೆ ದಲಾಲಿ ಅಂಗಡಿ ನೋಡಿಕೊಳ್ಳುತ್ತಿದ್ದ.

ಆ ದಿನ ಚಹಾ ಕುಡಿದು ಹೋದವನು ಮದುವೆಗೆ ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಮುಂದಿನ ವಾರ ಮತ್ತೆ ಬಂದ. "ಗಿಡ ನೋಡಿ ಹೋಗೂಣು ಅಂತ ಬಂದೆ."

ಅಲ್ಲಿಂದ ಅದೇ ರೂಢಿಯಾಯಿತು. ಬರುವುದು, ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂರುವುದು, ಎಲೆ ಹೊಸಕಿ ಮೂಸುವುದು, ಶಾರದವ್ವನ ಕೈಯ ರೊಟ್ಟಿ ತಿನ್ನುವುದು. ವಾಟ್ಸಾಪ್‌ನಲ್ಲೂ ಗಿಡದ್ದೇ ವಿಚಾರಣೆ. "ಹೊಸ ಚಿಗುರು ಬಂತೇನ್ರಿ?" "ಬಂತು." ಒಮ್ಮೆ ಅವಳು ಬೇಕೆಂದೇ ಚಿಗುರಿನ ಪಕ್ಕ ತಾನು ನಿಂತಿದ್ದ ಫೋಟೋ ಕಳಿಸಿದಳು. ಉತ್ತರ ಬರಲು ತಡವಾಯಿತು. "ಚೆಂದ ಐತಿ." ಚಿಗುರು ಚೆಂದವೋ, ತಾನು ಚೆಂದವೋ? ಅವಳು ಆ ಎರಡು ಪದಗಳನ್ನು ಎಷ್ಟು ಸಲ ಓದಿದರೂ ಗೊತ್ತಾಗಲಿಲ್ಲ.

ಶ್ರಾವಣದಲ್ಲಿ ಬಿಡದೆ ಮಳೆ ಹಿಡಿದು ಎರೆ ಮಣ್ಣಿನಲ್ಲಿ ನೀರು ನಿಂತಿತು. ಎಲೆಗಳು ಹಳದಿಗಟ್ಟಿದವು. "ಸಾಯಾಕತ್ತೈತಿ" ಎಂದಷ್ಟೇ ಮೆಸೇಜ್ ಮಾಡಿದ್ದಳು. ಆ ಮಳೆಯಲ್ಲೇ ಬೈಕಿನ ಮೇಲೆ ಬಂದ. ಇಬ್ಬರೂ ಕೆಸರಿನಲ್ಲಿ ಮೊಣಕಾಲೂರಿ ಗಿಡವನ್ನು ಬೇರುಸಮೇತ ಎತ್ತಿ, ಮಣ್ಣು ಏರಿಸಿ ಮತ್ತೆ ನೆಟ್ಟರು. ಮಣ್ಣಿನೊಳಗೆ ಅವನ ಬೆರಳು ಅವಳ ಬೆರಳಿಗೆ ತಗುಲಿತು. ಇಬ್ಬರೂ ಕೈ ತೆಗೆಯಲಿಲ್ಲ.

"ಬದುಕತೈತೇನ್ರಿ?"

"ಬದುಕಬೇಕ್ರೀ. ಇದು ಅರಳೂದು ನನಗ ಭಾಳ ಬೇಕಾಗೈತಿ."

ಇದು ಅರಳುವುದು. ಗಿಡದ ಮೇಲೇ ಅವನ ಪ್ರಾಣ ಎಂದು ಅವಳಿಗೆ ಆ ಸಂಜೆಯೆಲ್ಲ ಸಿಟ್ಟು. ಗಿಡದ ಮೇಲೆ ಮತ್ಸರಪಡುವ ತನ್ನ ಮೇಲೆ ಇನ್ನಷ್ಟು ಸಿಟ್ಟು.

ಗಿಡ ಬದುಕಿತು. ಚಳಿ ಬಿದ್ದ ಮೇಲೆ ತುಸು ಗುಲಾಬಿ ಬಣ್ಣದ ಮೊಗ್ಗುಗಳು ಕಟ್ಟಿದವು. ಸಂಕ್ರಾಂತಿಯ ಹೊತ್ತಿಗೆ ಪೊದೆ ತುಂಬ ಬಿಳಿ ನಕ್ಷತ್ರಗಳು. ಹಿತ್ತಲ ಬಾಗಿಲು ತೆಗೆದರೆ ಸಾಕು, ತಣ್ಣನೆಯ ಘಮ ಅಡುಗೆಮನೆಯವರೆಗೂ ಬರುತ್ತಿತ್ತು. ಕಾವೇರಿ ಮಾಲೆ ಕಟ್ಟಿ ಮುಡಿದು, ಅವನನ್ನು ಕರೆದಳು.

ಅವನು ಗಿಡದ ಮುಂದೆ ಕೂತು, ಹೂವಿನೊಳಗೆ ಮುಖವಿಟ್ಟ. ಎದ್ದು ನಿಂತಾಗ ಅವನ ಮುಖ ಬಾಡಿತ್ತು.

"ಹೆಂಗೈತ್ರೀ?"

"ಹೂಂ... ಘಮ್ ಅಂತೈತಿ."

ಅವಳು ಹತ್ತಿರ ಹೋಗಿ, ಬೇಕೆಂದೇ ಅವನಿಗೆ ಬೆನ್ನು ಮಾಡಿ ನಿಂತಳು. ಮುಡಿಯ ಮಾಲೆ ಅವನ ಮುಖದಿಂದ ಗೇಣು ದೂರದಲ್ಲಿತ್ತು. ಅವನು ಬಾಗಿ ಗಿಡದ ಬುಡದ ಕಳೆ ಕಿತ್ತ.

"ಹಾಲು ಇಟ್ಟೇನಿ, ನೋಡ್ಕೋರಿ" ಎಂದು ಅವನನ್ನು ಅಡುಗೆಮನೆಯಲ್ಲಿ ಕೂರಿಸಿ, ತುಂಬಿದ ಕಣ್ಣು ತೊಳೆಯಲು ಹೊರಗೆ ಹೋದಳು. ಬಹಳ ಹೊತ್ತಿನ ಮೇಲೆ ತಿರುಗಿ ಬಂದಾಗ ಹಾಲು ಉಕ್ಕಿ, ಬತ್ತಿ, ಪಾತ್ರೆ ಕರ್ರಗಾಗಿತ್ತು. ಮನೆಯೆಲ್ಲ ಸೀದ ವಾಸನೆ. ಅವನು ಒಲೆಗೆ ಬೆನ್ನು ಹಾಕಿ, ಕಿಟಕಿಯಾಚೆಯ ಗಿಡವನ್ನೇ ನೋಡುತ್ತ ಕೂತಿದ್ದ.

"ಮೂಗೈತೋ ಇಲ್ಲೋ ನಿಮಗ?"

ಅವನು ತಿರುಗಿ ಪಾತ್ರೆ ನೋಡಿದ. ಎದ್ದು ಗ್ಯಾಸ್ ಆರಿಸಿದ.

"ಇಲ್ಲರೀ" ಎಂದ. "ಕೊರೋನಾದಾಗ ಹೋದ ವಾಸನಿ ಹೊಳ್ಳಿ ಬರಲೇ ಇಲ್ಲ. ಮೊದಲೊಂದು ಕಡೆ ಖರೇ ಹೇಳಿದ್ದೆ. ಗ್ಯಾಸ್ ಲೀಕಾದ್ರೂ ತಿಳಿಯದವಗ ಮಗಳನ್ನ ಹೆಂಗ ಕೊಡೂದು ಅಂದ್ರು. ನಮ್ಮಪ್ಪಗೂ ಹೇಳಿಲ್ಲ. ಡಾಕ್ಟರು ದಿನಾ ಏನರ ಮೂಸಿ ಪ್ರಯತ್ನ ಮಾಡು ಅಂದಿದ್ರು. ಇದು ಅರಳಿದಾಗ ವಾಸನಿ ಬಂದ್ರ, ಅವತ್ತ ನಿಮ್ಮನ್ನ ಕೇಳೂಣು ಅಂತ ಮಾಡಿದ್ದೆ."

"ಮತ್ತ ಘಮ್ ಅಂತೈತಿ ಅಂದ್ರಲ್ಲ?"

"ಸುಳ್ಳು ಹೇಳಿದೆ."

"ಅಂದ್ರ ಇಷ್ಟು ದಿನ ಔಷಧಕ್ಕ ಬರತಿದ್ರೇನು? ಹೂವಿನ ಸಲುವಾಗಿ ಬರತಿದ್ರೋ, ನನ್ನ ಸಲುವಾಗಿ ಬರತಿದ್ರೋ?"

ಅವನು ಸೀದ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿದ. ಚಪ್ಪಲಿ ಮೆಟ್ಟಿ ಹೋಗಿಬಿಟ್ಟ.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಫೋನೂ ಇಲ್ಲ. ಕಾವೇರಿಗೆ ಸುಳ್ಳಿನ ಮೇಲೆ ಕೋಪ, ಮಳೆಯಲ್ಲಿ ನೆನೆದು ಬಂದವನ ಮೇಲೆ ಕರುಣೆ, ಎರಡೂ ಅಲ್ಲದ ಇನ್ನೊಂದು ಬೇರೆ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಒಂದೇ ಸಮೀಕರಣವನ್ನು ಎರಡು ಸಲ ಬರೆದಳು. ಕೊನೆಗೊಂದು ದಿನ ರಜೆ ಹಾಕಿ ಬ್ಯಾಡಗಿ ಬಸ್ ಹತ್ತಿದಳು.

ಮಾರುಕಟ್ಟೆಯ ಗೇಟು ದಾಟುವ ಮುಂಚೆಯೇ ಸೀನು ಶುರುವಾಯಿತು. ಕಣ್ಣು ಹಾಯುವವರೆಗೂ ಕೆಂಪು ಮೆಣಸಿನಕಾಯಿ ರಾಶಿ. ಕಲ್ಲೇಶ ಅಂಗಡಿಯ ಮುಂದೆ ಖರೀದಿದಾರರ ನಡುವೆ ನಿಂತಿದ್ದ. ಕರಬಸಪ್ಪ ಒಂದು ಹಿಡಿ ಕಾಯಿ ಕೊಟ್ಟರು. ಅವನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ತಲೆಯಾಡಿಸಿದ. ದಿನವೂ ಎಲ್ಲರೆದುರು ಆಡುವ ಈ ನಾಟಕ ಕಂಡು ಅವಳು ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು.

ಅವನು ಅವಳನ್ನು ಕಂಡ. ಕೈಯ ಕಾಯಿ ಕೆಳಗೆ ಬಿದ್ದವು.

"ಇಲ್ಲಿಗ್ಯಾಕ ಬಂದ್ರಿ? ನಿಮಗ ತಡಿಯಾಕ ಆಗಂಗಿಲ್ಲ!"

"ನಾ ಕೇಳಿದ್ದಕ್ಕ... ಆಕ್ಷೀ!... ಉತ್ತರ ಕೊಟ್ಟಿಲ್ಲ ನೀವು."

"ಯಾರಪ್ಪ ಇವರು?" ಎಂದರು ಕರಬಸಪ್ಪ.

ಕಲ್ಲೇಶ ತಂದೆಯನ್ನೂ ಖರೀದಿದಾರರನ್ನೂ ನೋಡಿದ. "ಇವರು ಕಾವೇರಿ. ಅಪ್ಪಾ, ನನಗ ವಾಸನಿ ಬರಂಗಿಲ್ಲ. ವರ್ಷಗಟ್ಟಲೆ ಆತು. ನಿಮಗ ಮುಚ್ಚಿಟ್ಟಿದ್ದೆ."

ಕರಬಸಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಪೂಜಿಗೆ ಊದಿನಕಡ್ಡಿ ಅಂತ ಸೊಳ್ಳಿಕಡ್ಡಿ ಹಚ್ಚಿಟ್ಟಿದ್ದೆಲ್ಲೋ, ಅವತ್ತ ತಿಳೀತು ನನಗ. ಕಾಯಿ ಬಣ್ಣ ನೋಡೂ ಕಣ್ಣು ನಿನಗ ಐತಿ, ಸಾಕು ಅಂತ ಸುಮ್ಮನಿದ್ದೆ. ಮೊದಲ ಆ ಹುಡುಗಿಗೆ ನೀರು ಕೊಡು."

ಅವನು ನೀರಿನ ಬಾಟಲಿ ತಂದು, ಅವಳನ್ನು ಗಾಳಿ ಬರುವ ಕಡೆ ಕರೆದೊಯ್ದ. ಅವಳ ಕಣ್ಣು, ಮೂಗು ಎಲ್ಲಾ ಕೆಂಪಾಗಿತ್ತು.

"ಮೊದಲು ಹೂವಿನ ಆಶಾಕ್ಕ ಬಂದಿದ್ದು ಖರೇ" ಎಂದ. "ಆಮ್ಯಾಲ ಯಾವುದರ ಸಲುವಾಗಿ ಬರತೇನಿ ಅಂತ ನನಗೂ ತಿಳೀವಲ್ದಾಗಿತ್ತು. ಅವತ್ತ ಹೂ ಮೂಸಿದೆ, ವಾಸನಿ ಬರಲಿಲ್ಲ. ಅದಕ್ಕ ದುಃಖ ಆಗಲಿಲ್ಲರೀ. ಇನ್ನ ನಿಮ್ಮ ಮನಿಗೆ ಬರಾಕ ನೆಪ ಉಳೀಲಿಲ್ಲಲ್ಲ ಅಂತ ದುಃಖ ಆತು. ಅವಾಗ ತಿಳೀತು."

ಕಾವೇರಿ ಉತ್ತರಿಸಲು ಹೋಗಿ ಸೀನಿದಳು. ಮತ್ತೆ ಸೀನಿದಳು. ವಾಸನೆ ತಿಳಿಯದಿದ್ದರೂ ಘಾಟಿಗೆ ಅವನೂ ಸೀನಿದ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

"ಹೂ ಮುಗಿದ ಮ್ಯಾಲ ಟೊಂಗಿ ಕತ್ತರಿಸಬೇಕು. ಇಲ್ಲಂದ್ರ ಮುಂದಿನ ಚಳಿಗೆ ಮೊಗ್ಗು ಕಟ್ಟಂಗಿಲ್ಲ" ಎಂದಳು, ಕಣ್ಣೊರೆಸಿಕೊಳ್ಳುತ್ತ. "ವರ್ಷಾ ವರ್ಷಾ ಮಾಡೂ ಕೆಲಸ ಅದು. ನನಗೊಬ್ಬಾಕಿಗೆ ಆಗಂಗಿಲ್ಲ."

ಅವನು ಮೆಲ್ಲಗೆ ಅವಳ ಕೈ ಹಿಡಿದುಕೊಂಡ.

"ಮಾಡೂಣಂತ, ಕಾವೇರಿ" ಎಂದ.