ಹೊರ್ಪಿನಾಳ ಒಲೆಗೆ ಸುಣ್ಣ ಬಳಿದವರು ಯಾರು

“ಅವನೇ ಮಾಡಿದ್ದು, ಮೊತ್ರಿಯಾ ಅತ್ತೆ. ಬೀಗದ ಕೈ ನನ್ನ ಬಿಟ್ರೆ ಅವನ ಹತ್ರ ಮಾತ್ರ ಇರೋದು,” ಎಂದಳು ಝೊರಿಯಾನಾ. ನಮ್ಮೂರ ಪುಟ್ಟ ಮ್ಯೂಸಿಯಂ ನೋಡಿಕೊಳ್ಳುವವಳು ಅವಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

ಮೊತ್ರಿಯಾ ಮೂವತ್ತು ವರ್ಷ ದನಗಳ ಡಾಕ್ಟರಾಗಿದ್ದವಳು. ಮೂಕಪ್ರಾಣಿಗಳ ನೋವು ಪತ್ತೆ ಮಾಡಿ ಪಳಗಿದ ಕಣ್ಣು ಅವಳದು. ಬಾತುಕೋಳಿ ಕಳುವಾದರೂ ಚರ್ಚಿನ ಗಂಟೆ ಕಾಣೆಯಾದರೂ ಊರಿನವರು ಅವಳ ಬಾಗಿಲಿಗೇ ಬರುತ್ತಿದ್ದರು. ಬ್ರೆಡ್ ವ್ಯಾನ್ ಓಡಿಸುವ ನಾನು, ಲಾವ್ರಿನ್, ಅವಳ ಸಾರಥಿ.

ಮ್ಯೂಸಿಯಂ ಅಂದರೆ ಹಳೆಯ ಕಾಲದ ಚಿತ್ರಗಾರ್ತಿ ಹೊರ್ಪಿನಾಳ ಮಣ್ಣಿನ ಮನೆ. ಅದರ ನಡುವೆ ಮನೆಯನ್ನೆಲ್ಲ ಬೆಚ್ಚಗಿಡುವ, ಗೋಡೆಯಷ್ಟು ದೊಡ್ಡ ಒಲೆ, ಒಲೆಯ ತುಂಬ ಅವಳು ಬರೆದ ಹೂಬಳ್ಳಿ. ಈಸ್ಟರ್‌ಗೆ ಇನ್ನು ನಾಲ್ಕೇ ದಿನ. ಈಸ್ಟರ್ ಕಳೆದ ಮೇಲೆ ಆ ಒಲೆಯನ್ನು ನೋಡಲು ಕೀವ್‌ನಿಂದ ಪರಿಣತರು ಬರುವವರಿದ್ದರು. ಎರಡು ದಿನ ಮುಚ್ಚಿದ್ದ ಬಾಗಿಲನ್ನು ಆ ಬೆಳಿಗ್ಗೆ ಝೊರಿಯಾನಾ ತೆಗೆದರೆ ಅದು ಬೆಳ್ಳಗೆ ಸುಣ್ಣ ಬಳಿದುಕೊಂಡು ನಿಂತಿತ್ತು.

“ನಾವು ರಷ್ಯನ್ನರಲ್ಲ, ನಾವು ನಾವೇ ಅಂತ ಲೋಕಕ್ಕೆ ತೋರಿಸೋಕೆ ಇದ್ದದ್ದೇ ಇದು,” ಎಂದಳು ಝೊರಿಯಾನಾ. “ಅದನ್ನೇ ಅಳಿಸಿದಾನೆ. ಮಾತಾಡೋದೂ ರಷ್ಯನ್ ಭಾಷೆ. ಮಧ್ಯಾಹ್ನ ಪೊಲೀಸ್ ಬರ್ತಾರೆ.”

ಅವಳು ಹೇಳುತ್ತಿದ್ದದ್ದು ಎದುವಾರ್ದ್‌ನನ್ನು. ರಷ್ಯನ್ನರ ಯುದ್ಧದಲ್ಲಿ ಬಾಖ್ಮುತ್ ಪಟ್ಟಣದ ಮನೆ ಸುಟ್ಟುಹೋದ ಮೇಲೆ ನಮ್ಮೂರಿಗೆ ಬಂದು, ಮ್ಯೂಸಿಯಂ ಹಿಂದಿನ ಕೋಣೆಯಲ್ಲಿ ಉಳಿದುಕೊಂಡು ರಾತ್ರಿ ಹೊತ್ತು ಹೊರಗಿನಿಂದ ಕಾವಲು ಕಾಯುತ್ತಿದ್ದ ಗಣಿ ಕೆಲಸಗಾರ. ಆರಡಿಗೂ ಮಿಕ್ಕ ಆಳು, ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕು. ಗೇಟಿನ ಬಳಿ ಆಗಲೇ ಜನ ಸೇರಿ ಅವನಿಗೆ ದ್ರೋಹಿ ಎಂದು ಹೆಸರಿಟ್ಟಾಗಿತ್ತು.

ಮೊತ್ರಿಯಾ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಸುಣ್ಣವನ್ನು ಉಗುರಿನಿಂದ ಕೆರೆದು ಮೂಸಿ, “ಲಾವ್ರಿನ್, ನೀನೂ ನೋಡು,” ಎಂದಳು. ಹಾಲಿನ ವಾಸನೆ. ಬಿಳುಪಿನಲ್ಲಿ ತೆಳು ನೀಲಿ. ಒಲೆಯ ಎದುರು ಕಟ್ಟಿದ್ದ ಹಗ್ಗವನ್ನು ಬಿಚ್ಚಿ, ಸುತ್ತಿ, ಬೆಂಚಿನ ಮೇಲಿಟ್ಟಿದ್ದರು. ನೆಲದ ಮೇಲೆ ಒಂದು ಹನಿಯೂ ಇರಲಿಲ್ಲ. ಮೇಲ್ಗಡೆ ಒಂದು ಮೊಳದಷ್ಟು ಹೂಗಳು ಹಾಗೇ ಉಳಿದಿದ್ದವು.

“ಈ ಮನೆ ಮ್ಯೂಸಿಯಂ ಆದಾಗ ಬೀಗ ಬದಲಾಯಿಸಿದ್ರಾ?” ಎಂದು ಮೊತ್ರಿಯಾ ಕೇಳಿದಳು.

“ಅದಕ್ಕೂ ದುಡ್ಡು ಕೊಡ್ತಾರಾ, ಅತ್ತೆ?”

ಮೊತ್ರಿಯಾ ನನ್ನ ಕಿವಿಯಲ್ಲಿ ಒಂದು ಹೆಸರು ಹೇಳಿ ವ್ಯಾನ್ ತೆಗೆಯೆಂದಳು. ಅರ್ಧ ಗಂಟೆಯಲ್ಲಿ ಹೊರ್ಪಿನಾಳ ಮಗಳು ಯಾವ್ದೋಖ ಅಜ್ಜಿಯನ್ನು ಕರೆತಂದೆ. ಎಂಬತ್ತಾರು ವರ್ಷ, ಕಿವಿ ಮಂದ, ಎರಡು ದಿನದಿಂದ ಸೊಂಟ ಹಿಡಿದು ಮಲಗಿದ್ದಳು. ಎದುವಾರ್ದ್ ಹಿಂದಿನ ಕೋಣೆಯಿಂದ ಬಂದ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮುಚ್ಚಿದ ಬುಟ್ಟಿ.

“ಎಲ್ಲಿಗಪ್ಪಾ?” ಎಂದೆ.

“ಎಲ್ಲಾದ್ರೂ. ಗಂಟು ಕಟ್ಟೋದು ಅಭ್ಯಾಸ ಆಗಿದೆ, ಲಾವ್ರಿನಣ್ಣ.”

“ಕೆಳಗಿಡು ಅದನ್ನ,” ಎಂದಳು ಮೊತ್ರಿಯಾ. “ಕೆಡಿಸೋಕೆ ಬಂದವನು ಹಗ್ಗ ಸುತ್ತಿಡ್ತಾನಾ? ನೆಲ ಒರೆಸ್ತಾನಾ? ಸುಣ್ಣ ಉದುರದೇ ಇರಲಿ ಅಂತ ಹಾಲು, ಬೆಳ್ಳಗೆ ಹೊಳೀಲಿ ಅಂತ ಬಟ್ಟೆಗೆ ಹಾಕೋ ನೀಲಿ. ಇದು ಹಬ್ಬಕ್ಕೆ ಮನೆ ಬಳಿಯೋ ಹೆಂಗಸಿನ ಕೈ. ಎದುವಾರ್ದ್, ಕೈ ಎತ್ತು.”

ಅವನ ಕೈ ಸುಲಭವಾಗಿ ಉಳಿದ ಹೂಗಳನ್ನು ದಾಟಿ ಸೂರನ್ನು ಮುಟ್ಟಿತು.

“ಇವನು ಬಳಿದಿದ್ರೆ ಆ ಸಾಲು ಉಳೀತಿರ್ಲಿಲ್ಲ. ಬಳಿದವರು ಕುಳ್ಳಗಿನವರು, ಬೆಂಚು ಹತ್ತೋ ವಯಸ್ಸಲ್ಲ. ಹಳೇ ಬೀಗದ ಕೈ ಈ ಮನೇಲಿ ಹುಟ್ಟಿದವರ ಹತ್ರ ಇರುತ್ತೆ. ಎರಡು ದಿನದಿಂದ ಸೊಂಟ ನೋವು ಅಂತ ಔಷಧಿ ಕೇಳಿ ಕಳಿಸಿದ್ದು ಯಾರು, ಯಾವ್ದೋಖ ಅಜ್ಜಿ?”

“ಏನು? ಸೊಂಟನಾ? ಮೇಲಿನ ಸಾಲಿಗೆ ಕೈ ಚಾಚಿದೆ ನೋಡು, ಆಗ ಹಿಡೀತು,” ಎಂದಳು ಅಜ್ಜಿ. “ಯಾಕೆ, ಚೆನ್ನಾಗಿ ಬಂದಿಲ್ವಾ?”

ಝೊರಿಯಾನಾ ಬೆಂಚಿನ ಮೇಲೆ ಕುಸಿದಳು. “ಅಜ್ಜಿ, ಅದು ನಿಮ್ಮ ಅಮ್ಮನ ಕೈ. ಇನ್ನೆಲ್ಲಿ ಸಿಗುತ್ತೆ?”

“ಅಮ್ಮ ಪ್ರತಿ ವರ್ಷ ಈಸ್ಟರ್‌ಗೆ ಬಳಿದು ಹೊಸದಾಗಿ ಬರೀತಿದ್ಲು, ಮಗಳೇ. ಇದು ಅವಳು ಸತ್ತ ವರ್ಷದ್ದು. ಆಮೇಲೆ ನೀವು ಹಗ್ಗ ಕಟ್ಟಿದ್ರಿ. ಮೊನ್ನೆ ರೇಡಿಯೋದಲ್ಲಿ ನಮ್ಮ ಕಲೆ ಉಳೀಬೇಕು ಅಂದ್ರು. ಹೌದಲ್ಲ, ನಾನು ಇವತ್ತೋ ನಾಳೆಯೋ, ಯಾರಿಗೂ ಕಲಿಸಿಲ್ಲವಲ್ಲ ಅಂತ ಬಳಿದೆ. ಗೋಡೆ ಖಾಲಿ ಇಲ್ದೆ ಕಲಿಸೋದೆಲ್ಲಿ?” ಆಮೇಲೆ ಗೇಟಿನ ಕಡೆ ನೋಡಿದಳು. “ಇಷ್ಟು ಜನ ಯಾಕೆ ಬಂದಿದಾರೆ?”

ಮೊತ್ರಿಯಾ ಅವಳ ಕಿವಿಯ ಬಳಿ ಬಾಗಿ ಎಲ್ಲ ಹೇಳಿದಳು. ಅಜ್ಜಿಯ ಮುಖ ಬಾಡಿತು. ಎದುವಾರ್ದ್‌ನ ತೋಳು ಹಿಡಿದು, “ನನ್ನ ಕೆಲಸಕ್ಕೆ ನಿನ್ನ ಬೈದ್ರಾ, ಮಗನೇ?” ಎಂದಳು.

“ಹೋಗ್ಲಿ ಬಿಡಿ, ಅಜ್ಜಿ.”

ಝೊರಿಯಾನಾ ಎದ್ದು ಅವನ ಮುಂದೆ ನಿಂತಳು. “ತಪ್ಪಾಯ್ತು. ಪೊಲೀಸರಿಗೆ ನಾನೇ ಫೋನ್ ಮಾಡ್ತೀನಿ, ಗೇಟಿನ ಹತ್ರಾನೂ ನಾನೇ ಹೇಳ್ತೀನಿ. ಹೋಗ್ಬೇಡಿ.” ಒಲೆಯ ಕಡೆ ನೋಡಿದರೆ ಅವಳ ಕಣ್ಣು ಮತ್ತೆ ತುಂಬಿತು. “ಕೀವ್‌ನವರಿಗೆ ಏನು ಹೇಳ್ಲಿ ಅಂತ ಮಾತ್ರ ಗೊತ್ತಿಲ್ಲ.”

“ಬರ್ಲಿ, ಅವರಿಗೂ ಕಲಿಸ್ತೀನಿ,” ಎಂದಳು ಅಜ್ಜಿ. “ಮೊದಲು ಕುಂಚ ಆಗ್ಬೇಕು. ಬೆಕ್ಕಿನ ಬೆನ್ನಿನ ಕೂದಲೇ ಆಗ್ಬೇಕು, ಬೇರೇದ್ರಲ್ಲಿ ಎಸಳು ಬರಲ್ಲ. ಯಾರ ಮನೇಲಿದೆ ಒಳ್ಳೇ ಬೆಕ್ಕು?”

ಎದುವಾರ್ದ್ ಮೊಣಕಾಲೂರಿ ಬುಟ್ಟಿಯ ಮುಚ್ಚಳ ತೆಗೆದ. ಬಾಖ್ಮುತ್‌ನಿಂದ ಅವನ ಜೊತೆ ಬಂದ ಬೂದು ಬೆಕ್ಕು ತಲೆ ಎತ್ತಿ, ನಮ್ಮೆಲ್ಲರನ್ನೂ ನೋಡಿ, ಆಕಳಿಸಿತು. ಝೊರಿಯಾನಾ ಕಣ್ಣೊರೆಸಿಕೊಂಡು ಕತ್ತರಿ ಹುಡುಕಲು ಹೋದಳು.