ಗ್ಲಾಡ್‌ಸ್ಟನ್ನನ ಕಾಲರ್, ರುಮೈಸಾಳ ಮೂಗು

"ಇದನ್ನು ಕತ್ತರಿಸಿದ್ದು ಯಾರು?!"

ಸೌದಿಯ ಥುಕ್ಬಾ ಪೇಟೆಯ ಆ ಸಣ್ಣ ಫ್ರೇಮ್ ಅಂಗಡಿಯ ಕೌಂಟರ್ ಮೇಲೆ ಚೌಕಟ್ಟು ಬಿದ್ದ ರಭಸಕ್ಕೆ ಪಕ್ಕದಲ್ಲಿದ್ದ ಚಹಾದ ಲೋಟ ಅಲುಗಿತು.

ರುಮೈಸಾಳ ಸಿಟ್ಟಿಗೆ ಕಾರಣಗಳು ಬೇಕಾದಷ್ಟಿದ್ದವು. ಕಾರು ನಿಲ್ಲಿಸಲು ಜಾಗ ಸಿಗದೆ ಅದೇ ಗಲ್ಲಿಯನ್ನು ಮೂರು ಸುತ್ತು ಹಾಕಿದ್ದಳು. ಸೆಪ್ಟೆಂಬರ್ ಬಂದರೂ ಬಿಸಿಲು ಇಳಿದಿರಲಿಲ್ಲ. ಇದೆಲ್ಲದರ ಮೇಲೆ ಈ ಮನುಷ್ಯ!

ಒಳಗೆ ಮೇಜಿನ ಮುಂದೆ ಕೂತಿದ್ದವನು ನಿಧಾನಕ್ಕೆ ತಲೆ ಎತ್ತಿದ. ಆ ನಿಧಾನವೇ ಅವಳನ್ನು ಇನ್ನಷ್ಟು ಕೆರಳಿಸಿತು.

"ಯಾವುದನ್ನು, ಟೀಚರ್?"

"ನಾನು ಟೀಚರ್ ಅಂತ ನಿಮಗೆ ಹೇಗೆ ಗೊತ್ತು?"

"ಕೇಳಿದ ರೀತಿಯಲ್ಲೇ ಗೊತ್ತಾಯ್ತು."

ಅವನ ಹೆಸರು ಮಿಸ್ಬಾಹ್. ಕಾಪು ಕಡೆಯವನು. ಚೌಕಟ್ಟು ಹಾಕುವುದರ ಜೊತೆಗೆ ಫೋಟೋ ತಿದ್ದಿಕೊಡುವುದು, ಚಿತ್ರ ಬರೆಯುವುದೂ ಅವನ ಕೆಲಸ. ಅವಳು ವಿಟ್ಲದವಳು, ಇಲ್ಲೇ ಖೋಬರ್‌ನ ಭಾರತೀಯ ಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತಾಳೆ. ಅವಳ ಮನೆಮಾತು ಬ್ಯಾರಿ, ಅವನದು ಉರ್ದು. ಹಾಗಾಗಿ ಇಬ್ಬರಿಗೂ ಜಗಳಕ್ಕೆ ಕನ್ನಡವೇ ಅನುಕೂಲವಾಯಿತು.

"ಚಿತ್ರದ ಕೆಳಗೆ ಬರಹ ಇತ್ತು. ಯಾವ ವರ್ಷ, ಯಾಕೆ ತಮಾಷೆ ಮಾಡಿದ್ದಾರೆ ಅಂತೆಲ್ಲ! ಅದೇ ಇಲ್ಲದಿದ್ರೆ ಮಕ್ಕಳಿಗೆ ನಾನು ಎಂತ ಹೇಳ್ಬೇಕು? ನೂರಮೂವತ್ತು ವರ್ಷ ಹಳೇ ಕಾಗದ ಮಾರಾಯ್ರೇ ಅದು!"

ಅವನು ಚೌಕಟ್ಟನ್ನು ಮಗುಚಿ, ಹಿಂದಿನ ಟೇಪ್ ಬಿಡಿಸಿ, ಚಿತ್ರದ ಸುತ್ತ ಇಟ್ಟಿದ್ದ ದಪ್ಪ ಬಿಳಿ ರಟ್ಟನ್ನು ಎತ್ತಿದ. ಅದಕ್ಕೆ ಅವರ ಕಸುಬಿನಲ್ಲಿ ಮೌಂಟ್ ಎನ್ನುತ್ತಾರೆ. ಅದರಡಿಯಲ್ಲಿ ಬರಹ ಒಂದಕ್ಷರವೂ ಕೆಡದೆ ಬೆಚ್ಚಗೆ ಕೂತಿತ್ತು.

"ಕತ್ತರಿಸ್ಲಿಲ್ಲ ಟೀಚರ್. ಮುಚ್ಚಿದ್ದು ಅಷ್ಟೇ. ಅಕ್ಷರ ಕಂಡ್ರೆ ಚಿತ್ರದ ಅಂದ ಹೋಗ್ತದೆ."

"ಅಂದ ಯಾರಿಗೆ ಬೇಕು? ಇಪ್ಪತ್ತೆರಡನ್ನೂ ಬಿಚ್ಚಿ ಸರಿ ಮಾಡಿ. ಅಡಿಬರಹ ಮುಚ್ಚಬಾರದು!"

ಬಾಗಿಲವರೆಗೆ ಹೋದವಳಿಗೆ ಬೆನ್ನ ಹಿಂದೆ ಅವನು ನಗುತ್ತಿದ್ದಾನೆ ಅನ್ನಿಸಿತು. ತಿರುಗಿ ನೋಡಿದಳು. ಹೌದು, ನಗುತ್ತಿದ್ದ!

ಖೋಬರ್‌ನ ಮಕ್ಕಳಿಗೂ ವಿಕ್ಟೋರಿಯಾ ರಾಣಿಯ ಕಾಲದ ಗ್ಲಾಡ್‌ಸ್ಟನ್‌ಗೂ ಎಂತ ಸಂಬಂಧ ಎಂದು ನೀವು ಕೇಳಬಹುದು. ರುಮೈಸಾಳೂ ದಿನಕ್ಕೆ ಹತ್ತು ಸಲ ಕೇಳಿಕೊಳ್ಳುತ್ತಿದ್ದಳು. ಡಾಕ್ಟರ್ ಅಬ್ದುಲ್ ಬಾರಿ ಎಂಬ ನಿವೃತ್ತ ಸೌದಿ ಪ್ರಾಧ್ಯಾಪಕರು ಇಂಗ್ಲೆಂಡಿನಲ್ಲಿ ಓದುವಾಗ, ನಾಲ್ಕು ಸಲ ಪ್ರಧಾನಿಯಾದ ಆ ಮನುಷ್ಯನ ಚಿತ್ರಗಳನ್ನು ಹುಡುಕಿ ಹುಡುಕಿ ಕೂಡಿಸಿದ್ದರು. ಹನ್ನೊಂದು ಗಂಭೀರ ಭಾವಚಿತ್ರ, ಹನ್ನೊಂದು ವ್ಯಂಗ್ಯಚಿತ್ರ. ಶಾಲೆಯ ಪ್ರದರ್ಶನಕ್ಕೆ ಅವರು ಅವನ್ನು ಕೊಟ್ಟರು. ಪ್ರಿನ್ಸಿಪಾಲರು "ರುಮೈಸಾ ಮಿಸ್ ನೋಡ್ಕೊಳ್ತಾರೆ" ಎಂದುಬಿಟ್ಟರು. ಯಾರನ್ನು ಕೇಳಿ? ಯಾರನ್ನೂ ಕೇಳದೆ! ಚಿತ್ರಗಳನ್ನು ಅಂಗಡಿಗೆ ಒಯ್ದದ್ದೂ, ಮಾದರಿಗೆ ಒಂದನ್ನು ವಾಪಸ್ ತಂದದ್ದೂ ಶಾಲೆಯ ವ್ಯಾನು.

ಎರಡನೇ ಸಲ ಹೋದಾಗ ಅಡಿಬರಹಗಳೆಲ್ಲ ಕಾಣುತ್ತಿದ್ದವು. ಆದರೆ ವ್ಯಂಗ್ಯಚಿತ್ರಗಳಿಗೆ ಚಿನ್ನದ ಬಣ್ಣದ ಚೌಕಟ್ಟು, ಭಾವಚಿತ್ರಗಳಿಗೆ ಬರೀ ಕಪ್ಪು ಪಟ್ಟಿ.

"ಇದೆಂತ ಅವಸ್ಥೆ? ಪ್ರಧಾನಿಗೆ ಕಪ್ಪು, ತಮಾಷೆಗೆ ಚಿನ್ನವಾ?"

"ಕೋಪ ಮಾಡ್ಬೇಡಿ, ಒಮ್ಮೆ ನೋಡಿ." ಅವನು ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟ. "ಇದರಲ್ಲಿ ಕಾಲರ್ ಎಲ್ಲರ ಕಾಲರ್ ಹಾಗೆ ಉಂಟು. ಅದರಲ್ಲಿ ಕಿವಿ ಮುಟ್ತದೆ. ಯಾಕೆ ಹೇಳಿ?"

"ಗೇಲಿ ಮಾಡ್ಲಿಕ್ಕೆ."

"ಗೇಲಿ ಮಾಡ್ಲಿಕ್ಕೂ ನೋಡ್ಬೇಕಲ್ಲ ಟೀಚರ್? ಭಾವಚಿತ್ರ ಬರೆದವನು ಹೆದರಿದ್ದಾನೆ. ಇವನು ಹೆದರ್ಲಿಲ್ಲ. ನಿತ್ಯ ಈ ಮನುಷ್ಯನನ್ನೇ ನೋಡಿದ್ದಾನೆ. ಕೂತದ್ದು, ಎದ್ದದ್ದು, ಸಿಟ್ಟು ಮಾಡಿದ್ದು, ಎಲ್ಲ."

ಹಾಗೆ ಹೇಳುವಾಗ ಅವನು ಚಿತ್ರವನ್ನು ನೋಡುತ್ತಿರಲಿಲ್ಲ. ರುಮೈಸಾ ಸರಕ್ಕನೆ ಕಣ್ಣು ತಿರುಗಿಸಿದಳು. ಇವನಿಗೆ ಬೇರೆ ಕೆಲಸ ಇಲ್ಲವಾ! ಆದರೂ ಅವನು ಕೊಟ್ಟ ಸುಲೈಮಾನಿ ಚಹಾವನ್ನು ಕುಡಿದಳು. ಚೌಕಟ್ಟು ಬದಲಿಸಿ ಎಂದು ಹೇಳಲು ಮರೆತು ಮನೆಗೆ ಬಂದಳು. ಮರೆತದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಆಮೇಲೆ ಏನಾದರೊಂದು ತಪ್ಪು ಹುಡುಕಿಕೊಂಡು ಮತ್ತೆ ಮೂರು ಸಲ ಹೋದಳು. ಕೊನೆಯ ಸಲವಂತೂ ತಪ್ಪೇ ಇರಲಿಲ್ಲ. ಕೊಕ್ಕೆ ಅರ್ಧ ಇಂಚು ಓರೆ ಇದೆ ಎಂದು ವಾದ ಮಾಡಿದಳು. ಅವನು ಅಳತೆ ಪಟ್ಟಿ ಹಿಡಿದು ತೋರಿಸಿದರೂ ಒಪ್ಪಲಿಲ್ಲ!

ಅವಳಿದ್ದ ಅಣ್ಣನ ಮನೆಯಲ್ಲಿ ಹಾಜರಾ ಅತ್ತಿಗೆ ಬೇರೆಯೇ ರಾಗ ತೆಗೆದಿದ್ದಳು.

"ಅಲ್ ಖರ್ಜ್‌ನ ಹುಡುಗ. ಹಾಲಿನ ಡೈರಿಯಲ್ಲಿ ಇಂಜಿನಿಯರ್. ಈ ಶುಕ್ರವಾರ ಬಂದು ನೋಡ್ತಾರಂತೆ. ಮೊದಲು ಫೋಟೋ ಕಳಿಸ್ಬೇಕು."

"ನಾನು ಹೂಂ ಹೇಳಿದ ಮೇಲೆ ಕಳಿಸಿ."

"ಇಪ್ಪತ್ತೊಂಬತ್ತು ಆಯ್ತಲ್ಲ ರುಮೈಸಾ..."

ಫೋಟೋ ಎಂದರೆ ರುಮೈಸಾಳಿಗೆ ಆಗದು. ಮೂರು ವರ್ಷದ ಹಿಂದೆ ಊರಿನ ಸ್ಟುಡಿಯೋದವನು ಅವಳ ಫೋಟೋ ಚೆಂದ ಮಾಡಿಕೊಟ್ಟಿದ್ದ. ಹುಡುಗನ ಮನೆಯವರು ಕುಣಿಯುತ್ತ ಬಂದರು, ಬಿರಿಯಾನಿ ಉಂಡರು. ಹೋದ ಮೇಲೆ ಫೋನ್ ಬಂತು. "ಫೋಟೋದಲ್ಲಿ ಮೂಗು ಇಷ್ಟು ಉದ್ದ ಇರ್ಲಿಲ್ಲ."

ಅಂದು ಅವಳು ಯಾರ ಮುಂದೆಯೂ ಅಳಲಿಲ್ಲ. ಆದರೆ ಕನ್ನಡಿಯ ಮುಂದೆ ನಿಂತಾಗಲೆಲ್ಲ ಆ ಮಾತು ಕೇಳಿಸುತ್ತಿತ್ತು, ಈಗಲೂ.

ಬುಧವಾರ, ಚೌಕಟ್ಟುಗಳು ಸಿದ್ಧವಾದವೇ ಎಂದು ನೋಡಲು ಅಂಗಡಿಗೆ ಹೋದಳು. ಮಿಸ್ಬಾಹ್ ಸಂಜೆಯ ಅಸರ್ ನಮಾಜಿಗೆ ಹೋಗಿದ್ದ. ಬಾಗಿಲು ಅರೆ ತೆರೆದಿತ್ತು. ಅವನ ಮೇಜಿನ ಮೇಲೆ...

ಅವಳ ಫೋಟೋ!

ಮೊನ್ನೆ ಅತ್ತಿಗೆ ಬಾಲ್ಕನಿಯಲ್ಲಿ ತೆಗೆದದ್ದು. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಅತ್ತಿಗೆಯದೇ ಅಕ್ಷರ: "ಮೂಗು ಸ್ವಲ್ಪ ಸಣ್ಣ ಮಾಡಿ." ಅದರ ಪಕ್ಕದಲ್ಲಿ ಚಿನ್ನದ ಚೌಕಟ್ಟಿನೊಳಗೆ ಒಂದು ವ್ಯಂಗ್ಯಚಿತ್ರ. ಕಿವಿ ಮುಟ್ಟುವ ಕಾಲರ್, ಎತ್ತಿದ ಬೆರಳು, ಕಾಗದದ ಅರ್ಧ ಜಾಗ ತಿಂದ ಮೂಗು. ಕೆಳಗೆ ಏನೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಅದು ಅವಳೇ.

ರುಮೈಸಾ ಫೋಟೋವನ್ನು ಮಗುಚಿ ಹಾಕಿದಳು. 'ಇವನೂ! ಚಹಾ ಕೊಟ್ಟು, ನಗಿಸಿ, ಒಳಗೊಳಗೆ ಇವನೂ ಅದನ್ನೇ ನೋಡ್ತಾ ಇದ್ದ!'

ಬಾಗಿಲಲ್ಲಿ ಅವನು ಬಂದು ನಿಂತ. ಮೇಜು ನೋಡಿದ, ಅವಳ ಮುಖ ನೋಡಿದ. "ಟೀಚರ್, ಅದು..."

"ನಾಳೆ ಬೆಳಿಗ್ಗೆ ವ್ಯಾನಿನಲ್ಲಿ ಕಳಿಸಿ. ನಾನು ಇನ್ನು ಇಲ್ಲಿಗೆ ಬರೋದಿಲ್ಲ."

ಕಾರಿನಲ್ಲಿ ಕೂತು ಅತ್ತಿಗೆಗೆ ಫೋನ್ ಮಾಡಿದಳು. "ಅಲ್ ಖರ್ಜ್‌ನವರು ಬರ್ಲಿ. ಹೂಂ ಅಂದ್ರೆ ನನ್ನದೂ ಹೂಂ."

ಗುರುವಾರ ಬೆಳಿಗ್ಗೆ ಶಾಲೆಯ ಸಭಾಂಗಣದ ಗೋಡೆಯನ್ನು ಗ್ಲಾಡ್‌ಸ್ಟನ್ ಹತ್ತಿದ. ಇಪ್ಪತ್ತೆರಡು ಚೌಕಟ್ಟು, ಇಪ್ಪತ್ತೆರಡು ಅಡಿಬರಹ, ಒಂದಕ್ಷರವೂ ಮುಚ್ಚಿರಲಿಲ್ಲ. ಡಾಕ್ಟರ್ ಅಬ್ದುಲ್ ಬಾರಿ ಚಿನ್ನದ ಚೌಕಟ್ಟುಗಳನ್ನು ನೋಡಿ, "ಇದನ್ನು ಮಾಡಿದವನಿಗೆ ಚಿತ್ರ ನೋಡಲು ಬರುತ್ತದೆ" ಎಂದು ಇಂಗ್ಲಿಷಿನಲ್ಲಿ ಹೊಗಳಿದರು. ರುಮೈಸಾ ಹಲ್ಲು ಕಚ್ಚಿ ನಕ್ಕಳು.

ಎಲ್ಲರೂ ಹೋದ ಮೇಲೆ ವ್ಯಾನಿನಿಂದ ಬಂದ ಪೆಟ್ಟಿಗೆಯ ತಳದಲ್ಲಿ ಇಪ್ಪತ್ಮೂರನೆಯದು ಸಿಕ್ಕಿತು. ಅದೇ ವ್ಯಂಗ್ಯಚಿತ್ರ! ಜೊತೆಗೆ ಅವಳ ಫೋಟೋ ಇದ್ದ ಲಕೋಟೆ.

ಎಷ್ಟು ಕೊಬ್ಬು ಇವನಿಗೆ! ಕಸದ ಬುಟ್ಟಿಯವರೆಗೆ ಹೋದಳು. ಅಲ್ಲಿ ಕೈ ತಡೆಯಿತು.

ಕೆಳಗಿನ ಮೌಂಟ್ ಯಾಕೆ ಇಷ್ಟು ಅಗಲ?

ಮೂರು ಕಡೆ ಎರಡು ಬೆರಳು, ಕೆಳಗೆ ಮಾತ್ರ ಒಂದು ಗೇಣು. ಐದು ಸಲ ಅವನೊಂದಿಗೆ ಜಗಳವಾಡಿದವಳಿಗೆ ಅದರ ಅರ್ಥ ಗೊತ್ತಿತ್ತು. ಕತ್ತರಿ ತಂದು ಟೇಪ್ ಬಿಡಿಸಿದಳು. ರಟ್ಟು ಎತ್ತಿದಳು.

ಅಡಿಯಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ:

"ಈ ಮೂಗನ್ನು ಸಣ್ಣ ಮಾಡಲು ಹೇಳಿದ್ದಾರೆ. ಮೂರು ಸಲ ಕೂತೆ, ಕೈ ಏಳಲಿಲ್ಲ. ಟೀಚರ್ ಬೈಯಲು ಬಂದಾಗ ಅಂಗಡಿಯೊಳಗೆ ಮೊದಲು ಬರುವುದು ಅದೇ. ನಾನು ದಿನವೂ ಕಾಯುವುದೂ ಅದನ್ನೇ."

ಲಕೋಟೆ ತೆರೆದಳು. ಫೋಟೋವನ್ನು ಅವನು ಮುಟ್ಟಿರಲೇ ಇಲ್ಲ. ಅವಳ ಮೂಗು ಇದ್ದ ಹಾಗೇ ಇತ್ತು.

ರುಮೈಸಾ ಮಕ್ಕಳ ಬೆಂಚಿನ ಮೇಲೆ ಕೂತು ಅತ್ತಳು. ಮೂರು ವರ್ಷದಿಂದ ತಡೆದಿಟ್ಟದ್ದೆಲ್ಲ ಅಂದು ಹರಿದುಹೋಯಿತು.

ಆ ಸಂಜೆ ಥುಕ್ಬಾದಲ್ಲಿ ಜಾಗ ಹುಡುಕುವ ಗೋಜಿಗೂ ಹೋಗದೆ ಕಾರನ್ನು ಅಂಗಡಿಯ ಬಾಗಿಲಲ್ಲೇ ನಿಲ್ಲಿಸಿದಳು. ಹಿಂದಿನವರು ಹಾರ್ನ್ ಹೊಡೆದರು. ಹೊಡೆಯಲಿ!

ಚೌಕಟ್ಟು ಮತ್ತೆ ಅದೇ ಕೌಂಟರ್ ಮೇಲೆ ಬಿತ್ತು.

"ಅಡಿಬರಹ ಮುಚ್ಚಬೇಡಿ ಅಂತ ನಿಮಗೆ ಎಷ್ಟು ಸಲ ಹೇಳ್ಬೇಕು?!"

ಮಿಸ್ಬಾಹ್ ಎದ್ದು ನಿಂತ. ಈ ಸಲ ಅವನು ನಗಲಿಲ್ಲ. "ಹೇಗೆ ತೋರಿಸ್ಲಿಕ್ಕೆ ಟೀಚರ್? ಫೋಟೋ ಗಂಡಿನ ಕಡೆಯವರಿಗೆ ಅಂತ ನಿಮ್ಮ ಅತ್ತಿಗೆ ಹೇಳಿದ್ರು. ನನಗೆ ಹೆದರಿಕೆ ಆಯ್ತು."

"ಹೆದರದವನಿಗೆ ಚಿನ್ನದ ಚೌಕಟ್ಟು ಅಂದವರು ಯಾರು?"

"ನಾನೇ."

"ಮತ್ತೆ?"

ಅವನು ಉಸಿರೆಳೆದುಕೊಂಡ. "ನನಗೆ ನೀವು ಬೇಕು. ಬೈಗುಳ ಸಮೇತ. ಇದನ್ನು ಮುಚ್ಚದೆ ಹೇಳಿದ್ದೇನೆ, ಸಾಕಾ?"

ಹೊರಗೆ ಹಾರ್ನ್ ಜೋರಾಯಿತು. ರುಮೈಸಾ ಫೋನ್ ತೆಗೆದಳು. "ಅತ್ತಿಗೆ, ಅಲ್ ಖರ್ಜ್‌ನವರಿಗೆ ಬರೋದು ಬೇಡ ಅಂತ ಹೇಳಿ... ಹೌದು, ಈಗಲೇ... ಬೈದ್ರೆ ಬೈಯ್ಲಿ! ನಾಳೆ ಬೇರೆ ಒಬ್ಬರು ಬರ್ತಾರೆ, ಅಣ್ಣನ ಹತ್ರ ಮಾತಾಡ್ಲಿಕ್ಕೆ."

ಫೋನ್ ಇಟ್ಟು ಅವನ ಕಡೆ ತಿರುಗಿದಳು. "ಬರ್ತೀರಲ್ಲ?"

"ದಮ್ಮಾಮ್‌ನಿಂದ ಮಾವನನ್ನು ಕರ್ಕೊಂಡೇ ಬರ್ತೇನೆ." ಅವನು ಅಳತೆ ಪಟ್ಟಿ ಎತ್ತಿ ಮತ್ತೆ ಕೆಳಗಿಟ್ಟ. "ಊರಲ್ಲಿ ಅಮ್ಮಿಗೆ ಒಂದು ಫೋಟೋ ಕಳಿಸ್ಬೇಕು..."

ಅವಳು ಲಕೋಟೆಯನ್ನು ಅವನ ಮುಂದೆ ಸರಿಸಿದಳು. "ಇದ್ದ ಹಾಗೇ ಕಳಿಸಿ."

ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಆಮೇಲೆ ವ್ಯಂಗ್ಯಚಿತ್ರವನ್ನು ಹತ್ತಿರ ಎಳೆದು, ಹೊಸ ರಟ್ಟಿನ ಮೇಲೆ ಅಳತೆ ಪಟ್ಟಿ ಇಟ್ಟ.

"ಕೆಳಗೆ ಎಷ್ಟು ಬಿಡ್ಲಿ, ರುಮೈಸಾ?"

ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ಅವಳು ಕಣ್ಣು ಒರೆಸಿಕೊಂಡು, ಬೆರಳು ಎತ್ತಿ, ಥೇಟ್ ಚಿತ್ರದಲ್ಲಿದ್ದ ಹಾಗೇ ಗದರಿದಳು.

"ಕೊನೇ ಸಾಲಿನ ಕೊನೇ ಅಕ್ಷರವೂ ಕಾಣ್ಬೇಕು."