ನೀಲಿ ದಾರದ ಗುಂಡಿ

"ಇನ್ನೂ ಆಪರೇಷನ್ ಆಗಿಲ್ವಾ?"

ಸೋಡಾಬುಡ್ಡಿ ಊಟದ ಡಬ್ಬಿಯ ಮುಚ್ಚಳದ ಜೊತೆ ಗುದ್ದಾಡುತ್ತಾ ಕೇಳಿದಳು. ಚೂಟಿ ಬಾಯಲ್ಲಿದ್ದ ಬನ್ನನ್ನು ಬೇಗ ಬೇಗ ನುಂಗಿದಳು.

"ಇಲ್ಲ ಕಣೇ."

"ಯಾಕೆ? ಹೋದ ವಾರಾನೇ ಆಗುತ್ತೆ ಅಂದಿದ್ದೆ?"

ಸೋಡಾಬುಡ್ಡಿಗೆ ಆ ಹೆಸರು ಬಂದದ್ದು ಅವಳ ದಪ್ಪ ಕನ್ನಡಕದಿಂದ. ಉತ್ತರ ಸಿಗುವವರೆಗೂ ಅದರ ಹಿಂದೆ ಅವಳ ಕಣ್ಣು ಪಿಳಿಪಿಳಿ ಎನ್ನುತ್ತಲೇ ಇರುತ್ತಿದ್ದವು. ಹಿಂದಿನ ಬೆಂಚಿನಿಂದ ಲೌಡ್‌ಸ್ಪೀಕರ್ ಕೂಡ ಕತ್ತು ಉದ್ದ ಮಾಡಿದ. ಅವನ ಕಿವಿಗೆ ಬಿದ್ದದ್ದು ಇಡೀ ಶಾಲೆಗೆ ಬಿದ್ದ ಹಾಗೆ.

ನಿಜವಾದ ಉತ್ತರ ಚೂಟಿಯ ನಾಲಿಗೆಯ ತುದಿಯಲ್ಲೇ ಇತ್ತು. ಅಮ್ಮನ ಹೊಟ್ಟೆಯಲ್ಲಿ ಒಂದು ಗಡ್ಡೆ ಬೆಳೆದಿದೆ. ಅದರಿಂದ ಮೈಯಲ್ಲಿ ರಕ್ತ ತುಂಬಾ ಕಡಿಮೆಯಾಗಿದೆ. ಬೇರೆಯವರ ರಕ್ತ ಕೊಟ್ಟು ಆಪರೇಷನ್ ಮಾಡೋಣ ಎಂದು ಡಾಕ್ಟರ್ ಹೇಳಿದರು. ಅಮ್ಮ ಬೇಡ ಎಂದಳು. ಚೂಟಿಯ ಮನೆಯವರು ಪ್ರಾರ್ಥನೆಗೆ ಹೋಗುವ ಸಭೆಯಲ್ಲಿ ಯಾರೂ ಬೇರೆಯವರ ರಕ್ತ ತೆಗೆದುಕೊಳ್ಳುವುದಿಲ್ಲ. ಹಾಗೆ ಮಾಡಬಾರದೆಂದು ಬೈಬಲ್ ಹೇಳುತ್ತದೆ ಎಂದು ಅವರ ನಂಬಿಕೆ.

ಆದರೆ ಇದನ್ನೆಲ್ಲ ಇಲ್ಲಿ ಹೇಗೆ ಹೇಳುವುದು? 'ನಮ್ಮನೇಲಿ ಬರ್ತ್‌ಡೇ ಮಾಡಲ್ಲ' ಎಂದು ಒಮ್ಮೆ ಹೇಳಿದ್ದಕ್ಕೇ ಲೌಡ್‌ಸ್ಪೀಕರ್, "ಹಾಗಾದ್ರೆ ನೀನು ಇನ್ನೂ ಹುಟ್ಟೇ ಇಲ್ಲ!" ಎಂದು ದಿನಗಟ್ಟಲೆ ಕಾಡಿದ್ದ.

"ಬ್ಲಡ್ ಸಿಗ್ತಿಲ್ಲ," ಎಂದಳು ಚೂಟಿ. "ಅಮ್ಮಂದು ಬಿ ನೆಗೆಟಿವ್. ಎಷ್ಟು ಹುಡುಕಿದ್ರೂ ಇಲ್ಲ."

ಗ್ರೂಪಿನ ಹೆಸರು ಮಾತ್ರ ನಿಜ.

ಸೋಡಾಬುಡ್ಡಿಯ ಪಿಳಿಪಿಳಿ ನಿಂತಿತು. "ಅಯ್ಯೋ," ಎಂದವಳೇ ತನ್ನ ಊಟದಲ್ಲಿ ಅರ್ಧ ತೆಗೆದು ಚೂಟಿಯ ಮುಚ್ಚಳಕ್ಕೆ ಹಾಕಿದಳು. ಚೂಟಿ ಅದನ್ನು ಮುಚ್ಚಳದ ಅಂಚಿಗೆ ಸರಿಸುತ್ತಾ ಕುಳಿತಳು.

ಸಂಜೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಹೋಗುತ್ತಿದ್ದಾಗ ಟ್ರೇ ಹಿಡಿದ ನರ್ಸೊಬ್ಬರು ತಡೆದರು. "ಏ ಪುಟ್ಟಿ, ನೀನು ಆ ರಕ್ತ ಬೇಡ ಅಂದವರ ಮಗಳಲ್ವಾ?"

ಬೆಂಚಿನ ಮೇಲೆ ಕುಳಿತಿದ್ದವರೆಲ್ಲ ತಿರುಗಿ ನೋಡಿದರು.

"ಅಲ್ಲ," ಎಂದುಬಿಟ್ಟಳು ಚೂಟಿ.

ಅಮ್ಮನ ವಾರ್ಡು ಅಲ್ಲೇ ಇತ್ತು. ಅದನ್ನು ದಾಟಿ ಮೂಲೆಯ ನಲ್ಲಿಯವರೆಗೂ ನಡೆದಳು. ಬಾಯಾರದಿದ್ದರೂ ನೀರು ಕುಡಿದಳು. ನರ್ಸ್ ಮರೆಯಾದ ಮೇಲೆ ಕಳ್ಳಿಯ ಹಾಗೆ ವಾಪಸು ಬಂದು ಒಳಗೆ ನುಸುಳಿದಳು.

ಅಮ್ಮ ಟೈಲರ್. ಚೂಟಿಯ ಕ್ಲಾಸಿನ ಅರ್ಧಕ್ಕರ್ಧ ಮಕ್ಕಳ ಯೂನಿಫಾರ್ಮ್ ಅವಳೇ ಹೊಲಿದದ್ದು. ಸುಮ್ಮನೆ ಮಲಗಿ ಗೊತ್ತಿಲ್ಲದ ಅವಳು ಆಸ್ಪತ್ರೆಗೂ ಸೂಜಿದಾರದ ಚೀಲ ತಂದುಕೊಂಡಿದ್ದಳು. ಇವತ್ತು ಅದು ದಿಂಬಿನ ಪಕ್ಕ ಹಾಗೇ ಬಿದ್ದಿತ್ತು. ಅಮ್ಮನ ಮುಖ ಒಗೆದು ಒಗೆದು ಬಣ್ಣ ಹೋದ ಬಟ್ಟೆಯಂತಿತ್ತು.

"ಡಾಕ್ಟರ್ ಏನಂದ್ರಮ್ಮಾ?"

"ಐರನ್ ಇಂಜೆಕ್ಷನ್ ಕೊಟ್ಟು ನೋಡೋಣ, ನಿಮ್ಮ ರಕ್ತಾನೇ ಸ್ವಲ್ಪ ಏರಲಿ ಅಂದ್ರು."

"ಏರದೇ ಇದ್ರೆ?"

ಅಮ್ಮ ಚೂಟಿಯ ಹಣೆಗೆ ಬಂದಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು.

ಮರುದಿನ ಶಾಲೆಗೆ ರಜೆ. ಚೂಟಿ ಅಮ್ಮನಿಗೆ ಕಿತ್ತಳೆ ಸುಲಿದು ಕೊಡುತ್ತಿದ್ದಾಗ ಬಾಗಿಲಲ್ಲಿ ದಪ್ಪ ಕನ್ನಡಕವೊಂದು ಇಣುಕಿತು. ಅದರ ಹಿಂದೆ ಖಾಕಿ ಅಂಗಿಯ, ದೊಡ್ಡ ಮೀಸೆಯ ಒಬ್ಬರು. ಒಂದು ತೋಳನ್ನು ಆಗಲೇ ಮೇಲೆ ಮಡಿಚಿಕೊಂಡಿದ್ದರು.

"ನಮಸ್ಕಾರ ಅಕ್ಕ! ನಾನು ಇವಳ ಅಪ್ಪ, ಬಸ್ ಡ್ರೈವರ್. ನಂದೂ ಬಿ ನೆಗೆಟಿವ್ವೇ! ನಿಮಗೆ ರಕ್ತ ಸಿಗ್ತಿಲ್ಲ ಅಂತ ಮಗಳು ಹೇಳಿದ್ಲು. ಡ್ಯೂಟಿ ಬದಲಾಯಿಸ್ಕೊಂಡು ಬಂದ್ಬಿಟ್ಟೆ. ಹೊಟ್ಟೆ ತುಂಬಾ ತಿಂದೂ ಬಂದಿದ್ದೀನಿ. ಎಲ್ಲಿ ಚುಚ್ಚಿಸ್ಕೋಬೇಕು ಹೇಳಿ!"

ಬಸ್ಸಿನ ಸದ್ದಿನ ಮೇಲೆ ಮಾತಾಡಿ ಪಳಗಿದ ಗಂಟಲು. ಇಡೀ ವಾರ್ಡಿಗೆ ಕೇಳಿಸಿತು.

ಅಮ್ಮ ನಿಧಾನವಾಗಿ ಚೂಟಿಯ ಕಡೆ ತಿರುಗಿದಳು. ಚೂಟಿ ಮಂಚದ ತುಕ್ಕು ಹಿಡಿದ ಚಕ್ರವನ್ನೇ ನೋಡುತ್ತಿದ್ದಳು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು. 'ನನ್ನ ಮಗಳು ಸುಳ್ಳು ಹೇಳಿದಾಳೆ' ಎಂದು ಅಮ್ಮ ಈಗ ಹೇಳುತ್ತಾಳೆ. ಈಗ. ಈಗ.

"ಮೊದಲು ಕೂತ್ಕೊಳ್ಳಿ ಅಣ್ಣಾ," ಎಂದಳು ಅಮ್ಮ. "ಮಗುಗೆ ನಾನು ಸರಿಯಾಗಿ ಬಿಡಿಸಿ ಹೇಳಿಲ್ಲ, ತಪ್ಪು ನಂದೇ. ರಕ್ತ ಸಿಗ್ತಿಲ್ಲ ಅಂತಲ್ಲ. ನಾನೇ ತಗೊಳಲ್ಲ ಅಂದಿದ್ದೀನಿ."

"ತಗೊಳಲ್ಲ ಅಂದ್ರೆ?"

"ರಕ್ತ ಅಂದ್ರೆ ಜೀವ, ಅದು ದೇವರಿಗೆ ಸೇರಿದ್ದು ಅಂತ ನಮ್ಮ ನಂಬಿಕೆ."

ಡ್ರೈವರ್ ಜೋರಾಗಿ ಬ್ರೇಕ್ ಹಾಕಿದವರಂತೆ ಸುಮ್ಮನಾದರು. ಮತ್ತೆ ಮಾತಾಡಿದಾಗ ಅವರ ದನಿ ಮೆಲ್ಲಗಾಗಿತ್ತು. "ಬೇಜಾರು ಮಾಡ್ಕೋಬೇಡಿ ಅಕ್ಕ. ಇಷ್ಟು ಚಿಕ್ಕ ಮಗು ಇದೆ ನಿಮಗೆ. ಜೀವ ಕೊಟ್ಟ ದೇವರು, ಉಳಿಸ್ಕೋಬೇಡ ಅಂತಾನಾ?"

ಅಮ್ಮನ ಬೆರಳು ಹೊದಿಕೆಯ ಅಂಚನ್ನು ಸುತ್ತಿ ಸುತ್ತಿ ಬಿಟ್ಟವು. "ನನಗೆ ಹೆದರಿಕೆ ಇಲ್ಲ ಅಂದ್ಕೋಬೇಡಿ. ಇವಳ ಮುಖ ನೋಡಿದಾಗೆಲ್ಲ ಎದೆ ಹಿಂಡುತ್ತೆ. ಆದ್ರೂ ಮನಸ್ಸು ಒಪ್ತಿಲ್ಲ ಅಣ್ಣಾ. ನಿಮ್ಮ ಉಪಕಾರ ಮಾತ್ರ ಸಾಯೋವರೆಗೂ ಮರೆಯಲ್ಲ."

ಅಮ್ಮನಿಗೆ ಹೆದರಿಕೆಯಾಗುತ್ತದೆ ಎಂದು ಚೂಟಿಗೆ ಗೊತ್ತೇ ಇರಲಿಲ್ಲ.

ಡ್ರೈವರ್ ತೋಳು ಇಳಿಸಿಕೊಳ್ಳಲು ಹೋದರು. ನೂಲಿನಲ್ಲಿ ಜೋತಾಡುತ್ತಿದ್ದ ಮಣಿಕಟ್ಟಿನ ಗುಂಡಿ ಕಿತ್ತು ಬಂದು ಟಣ್ಣೆಂದು ಮಂಚದ ಕೆಳಗೆ ಉರುಳಿತು. ಸೋಡಾಬುಡ್ಡಿ ತೆವಳಿಕೊಂಡು ಹೋಗಿ ಹುಡುಕಿ ತಂದಳು.

"ಕೊಡಮ್ಮ ಇಲ್ಲಿ," ಎಂದಳು ಅಮ್ಮ. ಚೀಲದಲ್ಲಿ ಇದ್ದದ್ದು ಯೂನಿಫಾರ್ಮಿನ ನೀಲಿ ದಾರ ಮಾತ್ರ. "ಖಾಕಿಗೆ ನೀಲಿ ಒಪ್ಪಲ್ಲ, ಆದ್ರೂ..."

"ಹಾಕಿ ಅಕ್ಕ, ಇದೇ ಹೊಸ ಫ್ಯಾಷನ್ನು."

ರಕ್ತ ಕೊಡಲು ತಂದಿದ್ದ ತೋಳನ್ನು ಅವರು ಅಮ್ಮನ ಮುಂದೆ ಚಾಚಿದರು. ಎರಡು ಹೊಲಿಗೆ ಹಾಕುವಷ್ಟರಲ್ಲಿ ಅಮ್ಮನಿಗೆ ಏದುಸಿರು ಬಂತು. ಅವಳು ಸುಧಾರಿಸಿಕೊಳ್ಳುವವರೆಗೂ ಆ ದೊಡ್ಡ ತೋಳು ಅಲುಗಾಡದೆ ಕಾಯಿತು. ಕೊನೆಗೆ ಅಮ್ಮ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು.

"ಹೇಗೂ ಬಂದಿದ್ದೀನಿ," ಎಂದು ಡ್ರೈವರ್ ಎದ್ದರು. "ಕೆಳಗೆ ಬ್ಲಡ್ ಬ್ಯಾಂಕಿದೆಯಲ್ಲ, ಅಲ್ಲೇ ಕೊಟ್ಟು ಹೋಗ್ತೀನಿ. ಯಾರಿಗಾದ್ರೂ ಆಗಲಿ."

"ಅದು ನಿಮ್ಮ ಮನಸ್ಸು ಅಣ್ಣಾ."

ಬ್ಲಡ್ ಬ್ಯಾಂಕಿನ ಹೊರಗಿನ ಬೆಂಚಿನಲ್ಲಿ ಗೆಳತಿಯರಿಬ್ಬರೂ ಕುಳಿತರು. ಸೋಡಾಬುಡ್ಡಿ ಕಾಲು ಆಡಿಸುತ್ತಾ, "ಪಾಪ, ನಿಮ್ಮಮ್ಮ ನಿಂಗೆ ಹೇಳೇ ಇರ್ಲಿಲ್ವಾ?" ಎಂದಳು.

ಹೂಂ ಎಂದರೆ ಮುಗಿದುಹೋಗುತ್ತಿತ್ತು. ಅಮ್ಮ ಅದಕ್ಕೆ ದಾರಿಯನ್ನೂ ಮಾಡಿಕೊಟ್ಟಿದ್ದಳು.

"ಹೇಳಿದ್ಲು," ಎಂದಳು ಚೂಟಿ. "ನಂಗೆ ಎಲ್ಲಾ ಗೊತ್ತಿತ್ತು. ನಾನೇ ಸುಳ್ಳು ಹೇಳಿದ್ದು."

ಸೋಡಾಬುಡ್ಡಿಯ ಕಾಲು ನಿಂತವು. ಕನ್ನಡಕ ತೆಗೆದು ಲಂಗದ ಅಂಚಿನಿಂದ ಬಹಳ ಹೊತ್ತು ಒರೆಸಿದಳು. "ನಾನೂ ನಗ್ತೀನಿ ಅಂದ್ಕೊಂಡ್ಯಾ?"

ಅಷ್ಟರಲ್ಲಿ ಡ್ರೈವರ್ ತೋಳಿಗೆ ಹತ್ತಿ ಅಂಟಿಸಿಕೊಂಡು ಹೊರಗೆ ಬಂದರು. ಅಲ್ಲಿ ಕೊಟ್ಟ ಬಿಸ್ಕತ್ ಪ್ಯಾಕೆಟನ್ನು ಒಡೆದು ಮೊದಲು ಚೂಟಿಯ ಮುಂದೆಯೇ ಹಿಡಿದರು. ಬೈದಿದ್ದರೆ ಎಷ್ಟೋ ಸುಲಭವಾಗಿರುತ್ತಿತ್ತು.

ಅವರು ಹೋದ ಮೇಲೆ ಚೂಟಿ ಅಮ್ಮನ ಹಾಸಿಗೆಯ ಅಂಚಿನಲ್ಲಿ ಕುಳಿತಳು. "ಅಮ್ಮಾ, ತಪ್ಪು ನಂದು ಅಂತ ಯಾಕಂದೆ?"

"ನಿನ್ನ ಕಿವಿ ಕೆಂಡದ ಹಾಗಾಗಿತ್ತು. ಇನ್ನೇನು ಹೇಳಲಿ?" ಅಮ್ಮ ಕಣ್ಣು ಮುಚ್ಚಿದಳು. "ನನ್ನಿಂದ ನಿಂಗೆ ನಾಚಿಕೆ ಆಗುತ್ತೇನೋ, ಅಲ್ವಾ?"

ಚೂಟಿ ಇಲ್ಲ ಎನ್ನಲು ಬಾಯಿ ತೆರೆದಳು. ಇನ್ನೊಂದು ಸುಳ್ಳು ಹೇಳಲು ಆಗಲಿಲ್ಲ. ಅಮ್ಮನ ತಣ್ಣನೆಯ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಳು.

ಇಂಜೆಕ್ಷನ್ನುಗಳು ನಡೆದವು. ಅಮ್ಮನ ರಕ್ತ ಆಮೆಯ ಹಾಗೆ ಏರಿತು. "ಇನ್ನು ಕಾಯೋದು ಅಪಾಯ. ಈಗ ಮಾಡೋದೂ ಅಪಾಯವೇ. ನಮ್ಮ ಕೈಲಾದದ್ದು ಮಾಡ್ತೀವಿ," ಎಂದರು ಡಾಕ್ಟರ್, ಅಮ್ಮನ ಹೆಗಲು ತಟ್ಟಿ.

ಆಪರೇಷನ್ ದಿನ ಮೊಗಸಾಲೆಯ ಬೆಂಚುಗಳೆಲ್ಲ ತುಂಬಿದ್ದವು. ಸೋಡಾಬುಡ್ಡಿ, ಅವಳ ಅಪ್ಪ ಇಬ್ಬರೂ ಬಂದು ಚೂಟಿಯ ಆಚೆ ಈಚೆ ಕುಳಿತಿದ್ದರು. ಬೇಕರಿಯ ಕೆಲಸಕ್ಕೆ ರಜೆ ಹಾಕಿದ್ದ ಚೂಟಿಯ ಅಪ್ಪ ಔಷಧಿ ತರಲು ಹೋಗಿದ್ದ.

ಪಕ್ಕದ ಬೆಂಚಿನ ಅಜ್ಜಿ ವಿಚಾರಿಸಿದರು. "ಯಾರಿಗಮ್ಮಾ ಆಪರೇಷನ್ನು? ರಕ್ತ ಎಲ್ಲಾ ರೆಡಿ ಮಾಡ್ಕೊಂಡಿದ್ದೀರಾ?"

"ನಮ್ಮಮ್ಮ ರಕ್ತ ತಗೊಳಲ್ಲ ಅಜ್ಜಿ."

"ಅಯ್ಯೋ ಶಿವನೇ! ಇದೆಂಥಾ ಹಠ!"

ಚೂಟಿಯ ಕಿವಿ ಬಿಸಿಯಾಯಿತು. ಅಮ್ಮ ಮಾಡಿದ್ದು ಸರಿಯೋ ತಪ್ಪೋ ಅವಳಿಗೂ ತಿಳಿಯದು. ಡ್ರೈವರ್ ತಮ್ಮ ಮಣಿಕಟ್ಟಿನ ಗುಂಡಿಯನ್ನು ತಿರುಗಿಸುತ್ತಾ ಕುಳಿತಿದ್ದರು. ನೀಲಿ ದಾರ ಹಾಗೇ ಇತ್ತು.

ಬಾಗಿಲು ತೆರೆಯಿತು. ಅವತ್ತು ಟ್ರೇ ಹಿಡಿದಿದ್ದ ಅದೇ ನರ್ಸ್. ಮುಖದ ಮೇಲೆ ಮಾಸ್ಕ್ ಇತ್ತು. ಒಳಗಿನ ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುವಂತಿರಲಿಲ್ಲ.

"ರಕ್ತ ಬೇಡ ಅಂದವರ ಕಡೆಯವರು ಯಾರಿದ್ದೀರಿ?"

ಬೆಂಚಿನ ತಲೆಗಳೆಲ್ಲ ತಿರುಗಿದವು. ಚೂಟಿ ಎದ್ದು ನಿಂತಳು.

"ನಾನು," ಎಂದಳು, ಮೂಲೆಯ ನಲ್ಲಿಯವರೆಗೂ ಕೇಳುವಷ್ಟು ಗಟ್ಟಿಯಾಗಿ. "ನಾನು ಅವರ ಮಗಳು."

ನರ್ಸ್ ಮಾಸ್ಕ್ ಕೆಳಗೆ ಸರಿಸಿದರು. ಅವರ ಮುಖದಲ್ಲಿ ನಗು ಇತ್ತು.

"ಬಾ. ಕಣ್ಣು ಬಿಟ್ಟಿದ್ದಾರೆ."